ಪ್ರೊಸೆಸರ್‌ಗಿಂತ ಮೊದಲು ಪರದೆ: ಎಪ್ಪತ್ತು ಸಾವಿರದೊಳಗೊಂದು ಗೇಮಿಂಗ್ ಪಿಸಿ

ಬಜೆಟ್ ಗೇಮಿಂಗ್ ಪಿಸಿ ಕಟ್ಟಲು ಹೊರಟವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ಯಾವ ಪ್ರೊಸೆಸರ್ ಹಾಕಿಸೋಣ? ನನ್ನ ಅಕ್ಕನ ಮಗನೂ ಅಲ್ಲಿಂದಲೇ ಶುರು ಮಾಡಿದ. ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಎರಡನೇ ವರ್ಷ ಓದುತ್ತಿದ್ದ ಹುಡುಗ. 2024ರ ದಸರೆಗೆ ನಾನು ಊರಿಗೆ ಹೋಗುವ ಹೊತ್ತಿಗೆ ಎಎಂಡಿಯ ಒಂದಷ್ಟು, ಇಂಟೆಲ್‌ನ ಒಂದಷ್ಟು ಹೆಸರು ಬರೆದಿಟ್ಟುಕೊಂಡು ಕಾಯುತ್ತಿದ್ದ. ಅಕ್ಕ ಹಾಕಿದ ಷರತ್ತು ಚಿಕ್ಕದು: ಮಾನಿಟರ್ ಸೇರಿ ಎಪ್ಪತ್ತು ಸಾವಿರ ದಾಟಬಾರದು. ಅದರಲ್ಲಿ ಅರ್ಧದಷ್ಟು ದುಡ್ಡು ಹುಡುಗ ಹೈಸ್ಕೂಲ್ ಮಕ್ಕಳಿಗೆ ಟ್ಯೂಷನ್ ಹೇಳಿಕೊಟ್ಟು ಕೂಡಿಸಿದ್ದು. ಅಂಥ ದುಡ್ಡಿನಲ್ಲಿ ಒಂದು ಸಾವಿರವೂ ಬೇಡದ ಕಡೆ ಹೋಗಬಾರದು ಅನ್ನುವುದು ನನ್ನ ಹಟ.

"ಮಾಮ, ಇದರಲ್ಲಿ ಒಂದಕ್ಕೆ ಟಿಕ್ ಹಾಕು, ಮಿಕ್ಕಿದ್ದು ನಾನು ನೋಡ್ಕೊಳ್ತೀನಿ" ಅಂದ.

ಪಟ್ಟಿ ಪಕ್ಕಕ್ಕಿಟ್ಟು, ಏನು ಆಡ್ತೀಯ, ಎಂಥ ಪರದೆ ಮೇಲೆ ಆಡ್ತೀಯ ಅಂತ ಕೇಳಿದೆ. ಪ್ರೊಸೆಸರ್ ಪ್ರಶ್ನೆಗೆ ಉತ್ತರ ಈ ಎರಡು ಪ್ರಶ್ನೆಗಳ ಆಚೆ ಇದೆ ಅನ್ನುವುದು ನನ್ನ ಖಚಿತ ಅಭಿಪ್ರಾಯ. ದಿನಾ ಸಂಜೆ ಗೆಳೆಯರ ಜೊತೆ ವ್ಯಾಲರೆಂಟ್, ಆಗೀಗ ಕೌಂಟರ್ ಸ್ಟ್ರೈಕ್ 2. ರಜೆಯಲ್ಲಿ ಜಿಟಿಎ 5, ಫೋರ್ಜಾ ಹೊರೈಜನ್ 5. ಆಡಲೇಬೇಕು ಅಂತ ಕಾದಿರುವುದು ರೆಡ್ ಡೆಡ್ ರಿಡೆಂಪ್ಷನ್ 2. ಈ ಪಟ್ಟಿಯಲ್ಲೇ ಎರಡು ಜಾತಿ ಇವೆ. ವ್ಯಾಲರೆಂಟ್, ಕೌಂಟರ್ ಸ್ಟ್ರೈಕ್‌ನಂಥವು ಚಿತ್ರದ ಮಟ್ಟಿಗೆ ಹಗುರ. ಅಲ್ಲಿ ಬೇಕಾದದ್ದು ಸೆಕೆಂಡಿಗೆ ಆದಷ್ಟು ಹೆಚ್ಚು ಫ್ರೇಮ್, ಅಂದರೆ ಒಂದರ ಹಿಂದೆ ಒಂದು ಬರುವ ಚಿತ್ರ, ಹಾಗಾಗಿ ಭಾರ ಬೀಳುವುದು ಪ್ರೊಸೆಸರ್ ಮೇಲೆ. ಫೋರ್ಜಾ, ರೆಡ್ ಡೆಡ್‌ನಂಥವುಗಳಲ್ಲಿ ಬೆಟ್ಟ, ಹುಲ್ಲು, ನೆರಳು, ಮಳೆನೀರಿನ ಹೊಳಪು ಎಲ್ಲ ಬಿಡಿಸಬೇಕಾದ್ದರಿಂದ ಭಾರ ಗ್ರಾಫಿಕ್ಸ್ ಕಾರ್ಡ್ ಮೇಲೆ.

ಬೆಣ್ಣೆ ದೋಸೆ ಹೋಟೆಲಿನಲ್ಲಿ ಕೂತಾಗ ಅವನಿಗೆ ಇದನ್ನೇ ತೋರಿಸಿದೆ. ಕಾವಲಿಯ ಮುಂದೆ ನಿಂತು ದೋಸೆ ಹೊಯ್ಯುವವರು ಗ್ರಾಫಿಕ್ಸ್ ಕಾರ್ಡ್, ಯಾವ ಟೇಬಲ್ಲಿಗೆ ಏನು ಅಂತ ಆರ್ಡರ್ ಕೂಗುವವರು ಪ್ರೊಸೆಸರ್. ಆರ್ಡರ್ ನಿಧಾನವಾದರೆ ಕಾವಲಿ ಖಾಲಿ, ಕಾವಲಿ ಚಿಕ್ಕದಾದರೆ ಎಷ್ಟು ಕೂಗಿದರೂ ದೋಸೆ ಬರುವುದಿಲ್ಲ. ಹುಡುಗನಿಗೆ ಥಟ್ಟನೆ ಹೊಳೆಯಿತು.

ಮನೆಗೆ ಬಂದು ಅವನ ಹಳೆಯ ಕಂಪ್ಯೂಟರಿನಲ್ಲೇ ಅಳೆದು ನೋಡಿದೆವು. ಅದರಲ್ಲಿದ್ದದ್ದು ಇಂಟೆಲ್ ಐ5-4460, ಅಂದರೆ 2014ರ ಕಾಲದ, ಒಟ್ಟಿಗೆ ಲೆಕ್ಕ ಮಾಡಬಲ್ಲ ನಾಲ್ಕು ಕೋರ್‌ಗಳ ಪ್ರೊಸೆಸರ್. ಅದರ ಜೊತೆ 2 ಜಿಬಿಯ ಜಿಟಿಎಕ್ಸ್ 750 ಟಿಐ ಕಾರ್ಡು, 8 ಜಿಬಿ ಡಿಡಿಆರ್3 ರ‍್ಯಾಮ್. ಅಳೆಯುವ ವಿಧಾನ ಸುಲಭ, ಯಾರು ಬೇಕಾದರೂ ಮನೆಯಲ್ಲಿ ಮಾಡಬಹುದು. ಆಟದ ಸೆಟ್ಟಿಂಗಿನಲ್ಲಿ ರೆಸಲ್ಯೂಷನ್ (ಚಿತ್ರದಲ್ಲಿರುವ ಚುಕ್ಕೆಗಳ ಲೆಕ್ಕ) ಮಾತ್ರ 1080ರಿಂದ 720ಕ್ಕೆ ಇಳಿಸಿ, ಅದೇ ಜಾಗದಲ್ಲಿ ನಿಂತು ಫ್ರೇಮ್ ಎಣಿಕೆ ನೋಡಬೇಕು. ಎಣಿಕೆ ಜಿಗಿದರೆ ಅಷ್ಟು ಹೊತ್ತು ಒದ್ದಾಡುತ್ತಿದ್ದದ್ದು ಕಾರ್ಡು. ಅಲುಗದೆ ಇದ್ದರೆ ಪ್ರೊಸೆಸರ್. ಜಿಟಿಎಯಲ್ಲಿ ಗುಡ್ಡಗಾಡಿನ ಕಡೆ ಹೋಗಿ ರೆಸಲ್ಯೂಷನ್ ಇಳಿಸಿದಾಗ ಎಣಿಕೆ ಏರಿತು. ವ್ಯಾಲರೆಂಟ್‌ನಲ್ಲಿ ಅಲುಗಲಿಲ್ಲ. ಹೊಗೆ ಬಾಂಬು, ನಾಲ್ಕಾರು ಜನ ಒಟ್ಟಿಗೆ ಗುಂಡು ಹಾರಿಸುವ ಹೊತ್ತಿಗೆ ಟಾಸ್ಕ್ ಮ್ಯಾನೇಜರಿನಲ್ಲಿ ನಾಲ್ಕೂ ಕೋರ್‌ಗಳು ಮೇಲಕ್ಕೆ ಬಡಿದು ನಿಂತಿದ್ದವು. ಅಂದರೆ ಇವನಿಗೆ ಎರಡೂ ಬೇಕು. ಹಳೆಯ ಬೋರ್ಡಿಗೇ ಏನಾದರೂ ಸೇರಿಸಿ ತೇಪೆ ಹಾಕೋಣ ಅಂದರೆ ಅದು ಡಿಡಿಆರ್3 ಅನ್ನುವ ಹಳೆಯ ತಲೆಮಾರಿನ ಮೆಮೊರಿಯ ಕಾಲದ್ದು. ವಿಂಡೋಸ್ 11 ಅದನ್ನು ಒಪ್ಪುವುದಿಲ್ಲ, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುವ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಲಿದೆ ಅಂತ ಆಗಲೇ ಘೋಷಣೆಯಾಗಿತ್ತು. ಹಳೆಯ 1 ಟಿಬಿ ಹಾರ್ಡ್ ಡಿಸ್ಕ್, ಕೀಬೋರ್ಡ್, ಮೌಸ್ ಉಳಿಸಿಕೊಂಡು ಮಿಕ್ಕಿದ್ದೆಲ್ಲ ಹೊಸದು ಅಂತ ತೀರ್ಮಾನವಾಯಿತು.

ಪರದೆ ಮೊದಲು ಗೊತ್ತು ಮಾಡಿದೆವು. 1080ಪಿ ಪರದೆಯಲ್ಲಿ ಪ್ರತಿ ಫ್ರೇಮಿಗೆ ಸುಮಾರು 20.7 ಲಕ್ಷ ಚುಕ್ಕೆ ಬಿಡಿಸಬೇಕು. 1440ಪಿ ಆದರೆ 36.9 ಲಕ್ಷ, 4ಕೆ ಆದರೆ ಸುಮಾರು 83 ಲಕ್ಷ. ಪರದೆ ಒಂದು ಮೆಟ್ಟಿಲು ಏರಿದರೆ ಕಾರ್ಡಿನ ಖರ್ಚು ಎರಡು ಮೆಟ್ಟಿಲು ಏರುತ್ತದೆ. ಈ ದುಡ್ಡಿಗೆ 24 ಇಂಚಿನ 1080ಪಿಯ, ಬದಿಯಿಂದ ನೋಡಿದರೂ ಬಣ್ಣ ಕೆಡದ ಐಪಿಎಸ್ ಪರದೆಯೇ ಸರಿ. ಆದರೆ 60 ಹರ್ಟ್ಸ್ ಬೇಡ, 144 ಹರ್ಟ್ಸ್ ಅಥವಾ ಅದಕ್ಕಿಂತ ಮೇಲಿನದು ಇರಲಿ ಅಂದೆ. 60 ಹರ್ಟ್ಸ್ ಪರದೆಯಲ್ಲಿ ಒಂದು ಚಿತ್ರ ಹೋಗಿ ಇನ್ನೊಂದು ಬರಲು 16.7 ಮಿಲಿಸೆಕೆಂಡ್, 144ರಲ್ಲಿ 6.9. ವ್ಯಾಲರೆಂಟ್ ಆಡುವವರಿಗೆ ಈ ವ್ಯತ್ಯಾಸ ಮೊದಲ ದಿನವೇ ಕಣ್ಣಿಗೆ ಹತ್ತುತ್ತದೆ. ಇದಕ್ಕೆ ಹತ್ತು ಸಾವಿರದ ಆಸುಪಾಸು ತೆಗೆದಿಟ್ಟು, ಉಳಿದ ಅರವತ್ತರೊಳಗೆ ಡಬ್ಬ ಕಟ್ಟಬೇಕು.

ಆಮೇಲೆ ಕಾರ್ಡು. ಹೊಸ ಮಾಲಿನಲ್ಲಿ ಇಪ್ಪತ್ತು ಸಾವಿರದ ಸುತ್ತ ನಮ್ಮ ಕಣ್ಣಿಗೆ ಬಿದ್ದವು ಎರಡು: ಎನ್ವಿಡಿಯಾದ ಆರ್‌ಟಿಎಕ್ಸ್ 3050, ಎಎಂಡಿಯ ಆರ್‌ಎಕ್ಸ್ 6600. ಬರೀ ಆಟದ ವೇಗ ನೋಡಿದರೆ 6600 ಸ್ಪಷ್ಟವಾಗಿ ಮುಂದು. 3050ಯಲ್ಲಿ ಇನ್ನೊಂದು ತೊಡಕಿದೆ. ಅದೇ ಹೆಸರಿನಲ್ಲಿ 8 ಜಿಬಿಯದೂ ಇದೆ, 2024ರಲ್ಲಿ ಬಂದ 6 ಜಿಬಿಯದೂ ಇದೆ. ಆರು ಜಿಬಿಯದರಲ್ಲಿ ಕಡಿಮೆಯಾಗಿರುವುದು ಮೆಮೊರಿ ಮಾತ್ರವಲ್ಲ, ಮೆಮೊರಿಗೆ ಹೋಗುವ ದಾರಿಯೂ 128 ಬಿಟ್‌ನಿಂದ 96 ಬಿಟ್‌ಗೆ ಇಳಿದಿದೆ. ಡಬ್ಬದ ಮೇಲಿನ ಹೆಸರು ನೋಡಿ ತಂದರೆ ಯಾವುದು ಬಂತೆಂದು ಮನೆಗೆ ಬಂದ ಮೇಲೆ ಗೊತ್ತಾಗುತ್ತದೆ. ಎನ್ವಿಡಿಯಾದ ಪರವಾಗಿಯೂ ಗಟ್ಟಿಯಾದ ಮಾತುಗಳಿವೆ. ಚಿಕ್ಕ ಚಿತ್ರವನ್ನು ಹಿಗ್ಗಿಸಿ ಫ್ರೇಮ್ ಹೆಚ್ಚಿಸುವ ಅದರ ಡಿಎಲ್‌ಎಸ್‌ಎಸ್ ಚೆನ್ನಾಗಿದೆ, ಕಾರ್ಡಿನಿಂದ ಆಟದಾಚೆಯ ಲೆಕ್ಕಗಳನ್ನು ಮಾಡಿಸುವ ಕ್ಯೂಡಾ ಬೇಕೇ ಬೇಕೆನ್ನುವ ಓದು ಅಥವಾ ಕೆಲಸವಿದ್ದವರಿಗೆ ಎಎಂಡಿ ಕಡೆ ನೋಡಲೇಬೇಡಿ ಅನ್ನುತ್ತೇನೆ. ನಮ್ಮ ಹುಡುಗ ಮೆಕ್ಯಾನಿಕಲ್. ಅವನ ಕ್ಯಾಡ್ (ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸುವ) ಕೆಲಸಕ್ಕೆ ಅದರ ಅಗತ್ಯ ಇರಲಿಲ್ಲ.

ಸೆಕೆಂಡ್ ಹ್ಯಾಂಡ್ ಕಾರ್ಡಿನ ಮಾತೂ ಬಂತು. 2022ರ ಸೆಪ್ಟೆಂಬರಿನಲ್ಲಿ ಎಥೀರಿಯಂ ಅನ್ನುವ ಕ್ರಿಪ್ಟೋ ನಾಣ್ಯವು ಗ್ರಾಫಿಕ್ಸ್ ಕಾರ್ಡುಗಳಿಂದ ಲೆಕ್ಕ ಮಾಡಿಸಿ ನಾಣ್ಯ ಗಳಿಸುವ ಗಣಿಗಾರಿಕೆಯ ಪದ್ಧತಿಯನ್ನೇ ಕೈಬಿಟ್ಟ ಮೇಲೆ ಹಗಲೂ ರಾತ್ರಿ ಓಡಿದ ಕಾರ್ಡುಗಳು ಮಾರುಕಟ್ಟೆಗೆ ರಾಶಿ ಬಿದ್ದವು. ಅವೆಲ್ಲ ಕೆಟ್ಟವೇನಲ್ಲ. ಕೈಯಲ್ಲಿ ಹಿಡಿದು, ಅರ್ಧ ಗಂಟೆ ಓಡಿಸಿ ನೋಡಿ ಕೊಳ್ಳಬಲ್ಲವರಿಗೆ ಒಳ್ಳೆಯ ಕಾರ್ಡು ಅಗ್ಗಕ್ಕೆ ಸಿಗುತ್ತದೆ. ಆದರೆ ಪಿಸಿ ಇರುವುದು ದಾವಣಗೆರೆಯಲ್ಲಿ, ಕೊಳ್ಳುವುದು ಬೆಂಗಳೂರಿನಲ್ಲಿ, ವಾರಂಟಿ ಇಲ್ಲ. ಟ್ಯೂಷನ್ ದುಡ್ಡನ್ನು ಅಲ್ಲಿ ಹಾಕಲು ನನಗೆ ಮನಸ್ಸು ಬರಲಿಲ್ಲ. ಹೊಸ 6600ಗೇ ನಿಂತೆವು.

ಈಗ ಪ್ರೊಸೆಸರ್. ಪರದೆ, ಕಾರ್ಡು ಗೊತ್ತಾದ ಮೇಲೆ ಹುಡುಗನ ಉದ್ದ ಪಟ್ಟಿ ತಾನಾಗಿಯೇ ಕುಗ್ಗಿತು. ನಮಗೆ ಬೇಕಾದದ್ದು 6600ಯನ್ನು ಖಾಲಿ ಕೂರಿಸದ, ವ್ಯಾಲರೆಂಟ್‌ನಲ್ಲಿ 144ರ ಕೆಳಗೆ ಬೀಳದ, ಆಡುತ್ತಾ ಗೆಳೆಯರ ಜೊತೆ ಮಾತಾಡುವ ಡಿಸ್ಕಾರ್ಡ್ ಮತ್ತು ಹತ್ತಾರು ಕ್ರೋಮ್ ಟ್ಯಾಬ್ ಪಕ್ಕದಲ್ಲಿದ್ದರೂ ತಡವರಿಸದ ಪ್ರೊಸೆಸರ್. ಅದಕ್ಕಿಂತ ಹೆಚ್ಚಿನದಕ್ಕೆ ಕೊಟ್ಟ ದುಡ್ಡು ಈ ಪರದೆಯಲ್ಲಿ ಕಾಣುವುದೇ ಇಲ್ಲ.

ತೀರಾ ಅಗ್ಗದ ತುದಿಯಲ್ಲಿ ಇದ್ದದ್ದು ಐ3-12100ಎಫ್. ನಾಲ್ಕು ಕೋರ್, ಎಂಟು ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸದ ಸಾಲು), ಎಂಟು ಸಾವಿರದ ಆಸುಪಾಸು. ಐ3 ಅಂತ ಮೂಗು ಮುರಿಯುವವರಿಗೆ ಒಂದು ಮಾತು ಹೇಳಬೇಕು. ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಬೀದಿಯಾದ ಎಸ್‌ಪಿ ರೋಡಿನಲ್ಲಿ ಇವತ್ತಿಗೂ "ಐ7 ಗೇಮಿಂಗ್ ಪಿಸಿ" ಅಂತ ಬೋರ್ಡ್ ಹಾಕಿ 2012ರ ಐ7-3770ನ್ನು ಹೊಸ ಕ್ಯಾಬಿನೆಟ್ಟಿಗೆ ಕೂರಿಸಿ ಮಾರುತ್ತಾರೆ. ಅದೂ ನಾಲ್ಕು ಕೋರ್, ಎಂಟು ಥ್ರೆಡ್. ಹತ್ತು ವರ್ಷ ಆಚೆಗಿನ ಈ ಐ3ಯ ಒಂದೊಂದು ಕೋರೂ ಆ ಐ7ನ ಕೋರ್‌ಗಿಂತ ಎಷ್ಟೋ ಚುರುಕು. "ಮತ್ತೆ ಐ7 ಅಂದ್ರೆ ಜಾಸ್ತಿ ಅಲ್ವಾ ಮಾಮ?" ಅಂತ ಹುಡುಗ ಕೇಳಿದ್ದ. ಐ3, ಐ5, ಐ7 ಅನ್ನುವುದು ಒಂದೇ ತಲೆಮಾರಿನ ಒಳಗಿನ ಮೆಟ್ಟಿಲು ಮಾತ್ರ. ಅದರ ಪಕ್ಕದ ಅಂಕಿಯ ಮೊದಲ ಒಂದೆರಡು ಅಂಕೆ ಯಾವ ತಲೆಮಾರು ಅಂತ ಹೇಳುತ್ತವೆ, ಮೊದಲು ಓದಬೇಕಾದದ್ದು ಅವನ್ನು. ಇಷ್ಟಾದರೂ 12100ಎಫ್ ಬಿಟ್ಟೆವು. ಸರಾಸರಿ ಫ್ರೇಮ್ ಎಣಿಕೆಯಲ್ಲಿ ಅದು ಚೆನ್ನಾಗಿಯೇ ಕಾಣುತ್ತದೆ. ಆದರೆ ಹಲವು ಹೊಸ ಆಟಗಳು ಆರು ಕೋರ್ ಇದೆ ಅಂತಲೇ ಎಣಿಸಿ ಬರೆದವು. ನಾಲ್ಕು ಕೋರ್ ಮೇಲೆ ನಡುನಡುವೆ ಒಂದು ಕ್ಷಣ ಹಿಡಿದು ಬಿಟ್ಟಂತಾಗುತ್ತದೆ. ಆಡುವವನಿಗೆ ಕಾಡುವುದು ಆ ಒಂದು ಕ್ಷಣ, ಸರಾಸರಿಯಲ್ಲ.

ಆರು ಕೋರ್, ಹನ್ನೆರಡು ಥ್ರೆಡ್ಡಿನ ಸಾಲಿನಲ್ಲಿ ಉಳಿದವು ನಾಲ್ಕು: ಐ5-12400ಎಫ್, ರೈಜನ್ 5 5500, 5600ಜಿ ಮತ್ತು 5600. ಇಲ್ಲಿ ಹೆಸರುಗಳು ಎಷ್ಟು ಹತ್ತಿರ ಇವೆಯೋ ಒಳಗಿನ ಮಾಲು ಅಷ್ಟೇ ದೂರ. 5600ಕ್ಕೂ 5500ಕ್ಕೂ ನೂರು ಅಂಕಿಯ ವ್ಯತ್ಯಾಸ. ಆದರೆ 5600ರಲ್ಲಿ ಆರೂ ಕೋರ್‌ಗಳು ಹಂಚಿಕೊಳ್ಳುವ 32 ಎಂಬಿ ಎಲ್3 ಕ್ಯಾಶ್, ಅಂದರೆ ಪ್ರೊಸೆಸರ್ ಒಳಗಿನ ಪುಟ್ಟ ಮೆಮೊರಿ ಇದೆ, 5500ರಲ್ಲಿ ಅದರ ಅರ್ಧ, 16 ಎಂಬಿ. ಆಟ ನಡೆಯುವಾಗ ಪ್ರೊಸೆಸರ್‌ಗೆ ಮತ್ತೆ ಮತ್ತೆ ಬೇಕಾಗುವ ಲೆಕ್ಕಗಳು ಕ್ಯಾಶಿನಲ್ಲೇ ಸಿಕ್ಕರೆ ರ‍್ಯಾಮ್‌ವರೆಗೆ ಓಡಬೇಕಾಗಿಲ್ಲ. ವ್ಯಾಲರೆಂಟ್‌ನಂಥ ಆಟದಲ್ಲಿ ಇದರ ಲಾಭ ಎದ್ದು ಕಾಣುತ್ತದೆ. ಜೊತೆಗೆ ಪ್ರೊಸೆಸರ್‌ಗೂ ಕಾರ್ಡಿಗೂ ನಡುವಿನ ದಾರಿಯಾದ ಪಿಸಿಐಇಯಲ್ಲಿ 5500 ಹಳೆಯ 3.0ಕ್ಕೆ ನಿಲ್ಲುತ್ತದೆ, 5600 ಪಿಸಿಐಇ 4.0 ಕೊಡುತ್ತದೆ. 6600 ಕಾರ್ಡು ಆ ದಾರಿಯ ಹದಿನಾರು ಲೇನ್‌ಗಳಲ್ಲಿ ಎಂಟನ್ನು ಮಾತ್ರ ಬಳಸುವ ಕಾರ್ಡಾದ್ದರಿಂದ ಆ ಎಂಟೂ ಪೂರ್ತಿ ವೇಗದಲ್ಲಿ ಇದ್ದರೆ ಒಳ್ಳೆಯದು. ಇಷ್ಟಕ್ಕೂ ಎರಡರ ನಡುವೆ ಬೆಲೆ ವ್ಯತ್ಯಾಸ ಎರಡು ಮೂರು ಸಾವಿರ ಇತ್ತು. ಆ ಹಣ ಕೊಡಲು ನಾನು ಹಿಂದೆ ಮುಂದೆ ನೋಡಲಿಲ್ಲ.

5600ಜಿಯನ್ನು ಅಂಗಡಿಗಳಲ್ಲಿ ಬಹಳ ಹೊಗಳುತ್ತಾರೆ. ಅದರೊಳಗೇ ವೇಗಾ ಗ್ರಾಫಿಕ್ಸ್ ಇದೆ, ಕಾರ್ಡು ಇಲ್ಲದೆಯೇ ಚಿತ್ರ ಬರುತ್ತದೆ. ಈಗ ಕಾರ್ಡಿಗೆ ದುಡ್ಡಿಲ್ಲ, ಮುಂದಿನ ವರ್ಷ ನೋಡೋಣ ಅನ್ನುವವರಿಗೆ ಅದು ನಿಜವಾಗಿ ಒಳ್ಳೆಯ ದಾರಿ. ವ್ಯಾಲರೆಂಟ್ ಅದರ ಮೇಲೆ ಆರಾಮಾಗಿ ಆಡಬಹುದು. ಆದರೆ ಮೊದಲ ದಿನವೇ ಕಾರ್ಡು ಹಾಕುವವರಿಗೆ ಅದು ಬೇಡ. ಒಳಗಿನ ಗ್ರಾಫಿಕ್ಸ್‌ಗೆ ಜಾಗ ಕೊಟ್ಟು ಕ್ಯಾಶನ್ನು 16 ಎಂಬಿಗೆ ಇಳಿಸಿದ್ದಾರೆ, ಪಿಸಿಐಇಯೂ 3.0. ಬಳಸದ ಗ್ರಾಫಿಕ್ಸ್‌ಗೆ ದುಡ್ಡು ಕೊಟ್ಟು, ಬಳಸುವ ಕ್ಯಾಶನ್ನು ಕಳೆದುಕೊಂಡಂತೆ.

ಕೊನೆಗೆ ಎದುರುಬದುರಾದದ್ದು 12400ಎಫ್ ಮತ್ತು 5600. ಆಟದಲ್ಲಿ ಇವೆರಡರ ನಡುವೆ, ಅದೂ 6600ರಂಥ ಕಾರ್ಡಿನ ಜೊತೆ, ಕಣ್ಣಿಗೆ ಕಾಣುವ ವ್ಯತ್ಯಾಸ ಇಲ್ಲ. ಬೆಲೆಯಲ್ಲೂ ಆಗ ಹತ್ತು, ಹನ್ನೊಂದು ಸಾವಿರದ ಆಚೀಚೆ ಇದ್ದವು. ಆ ವರ್ಷ ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಮೇಲ್ದರ್ಜೆಯ ಪ್ರೊಸೆಸರ್‌ಗಳಲ್ಲಿ ವೋಲ್ಟೇಜ್ ತೊಂದರೆಯ ಸುದ್ದಿ ಜೋರಾಗಿತ್ತು, ಕಂಪನಿಯೇ ಒಪ್ಪಿಕೊಂಡು ಆಗಸ್ಟಿನಲ್ಲಿ ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತ್ತು. 12400ಎಫ್‌ಗೆ ಆ ತೊಂದರೆ ಇಲ್ಲ, ಅದು ಹಿಂದಿನ ತಲೆಮಾರು. ಹಾಗಾಗಿ ಯಾರಾದರೂ 12400ಎಫ್ ತಂದರೆ ತಪ್ಪು ಮಾಡಿದಿರಿ ಅಂತ ನಾನು ಹೇಳುವುದಿಲ್ಲ. ನಾವು 5600 ಕಡೆ ವಾಲಿದ್ದು ಮದರ್‌ಬೋರ್ಡ್ ನೋಡಿ. ಎಂಟೂವರೆ ಸಾವಿರದ ಸುತ್ತ ಎಎಂಡಿ ಕಡೆ ಬಿ550ಎಂ ಸಿಗುತ್ತಿತ್ತು: ನಾಲ್ಕು ರ‍್ಯಾಮ್ ಸ್ಲಾಟ್, ಎಸ್‌ಎಸ್‌ಡಿ ಕೂರಿಸುವ ಎರಡು ಎಂ.2 ಸ್ಲಾಟ್, ಕಾರ್ಡಿಗೆ ಪಿಸಿಐಇ 4.0. ಇಂಟೆಲ್ ಕಡೆ ಆ ಬೆಲೆಗೆ ಸಿಗುತ್ತಿದ್ದದ್ದು ಎರಡೇ ರ‍್ಯಾಮ್ ಸ್ಲಾಟಿನ ಎಚ್610. ಮುಂದೆ ಹುಡುಗ ಕೆಲಸಕ್ಕೆ ಸೇರಿ ಕಾರ್ಡು ಬದಲಾಯಿಸಿದರೆ ಅದೇ ಬೋರ್ಡಿನ ಮೇಲೆ 96 ಎಂಬಿ ಕ್ಯಾಶಿನ ಎಕ್ಸ್3ಡಿ ಪ್ರೊಸೆಸರ್ ಕೂರಿಸಬಹುದು. ಪ್ರೊಸೆಸರ್ ಆರಿಸುವಾಗ ಬೋರ್ಡು, ರ‍್ಯಾಮ್, ಮುಂದಿನ ನಾಲ್ಕು ವರ್ಷದ ದಾರಿ ಎಲ್ಲ ಒಟ್ಟಿಗೆ ಬರುತ್ತವೆ. ಬಿಡಿ ಪ್ರೊಸೆಸರ್‌ನ ಬೆಲೆ ಹೋಲಿಸುತ್ತಾ ಕೂತರೆ ಇದು ತಪ್ಪಿಹೋಗುತ್ತದೆ.

"ಮುಂದಿನ ದಾರಿ ಅಂದ್ರೆ ಎಎಂ5 ಅಲ್ವಾ ಮಾಮ? ಎಎಂ4 ಮುಗೀತಾ ಬಂತಲ್ಲ?" ಹುಡುಗನ ಈ ಪ್ರಶ್ನೆ ಸರಿಯಾಗಿಯೇ ಇತ್ತು. ಎಎಂ4, ಎಎಂ5 ಅಂದರೆ ಎಎಂಡಿ ಪ್ರೊಸೆಸರ್ ಕೂರುವ ಸಾಕೆಟ್ಟಿನ ತಲೆಮಾರುಗಳು, ನಮ್ಮ 5600 ಎಎಂ4ರದು. ಎಎಂ4 ಬಂದದ್ದು 2016ರಲ್ಲಿ. ಎಎಂ5ಗೆ 2027 ಮತ್ತು ಅದರಾಚೆಗೂ ಹೊಸ ಪ್ರೊಸೆಸರ್ ಕೊಡುತ್ತೇವೆ ಅಂತ ಎಎಂಡಿ ಆ ವರ್ಷವೇ ಹೇಳಿತ್ತು. ಕಾಗದದ ಮೇಲೆ ಲೆಕ್ಕ ಹಾಕಿದೆವು. ರೈಜನ್ 5 7500ಎಫ್, ಎಎಂ5 ಬೋರ್ಡು, ಡಿಡಿಆರ್5 ರ‍್ಯಾಮ್, ಮೂರೂ ಸೇರಿ ಹತ್ತು ಸಾವಿರಕ್ಕೂ ಹೆಚ್ಚು ಮೇಲೇರಿತು. ಅಷ್ಟು ದುಡ್ಡು ಬರಬೇಕಾದದ್ದು ಕಾರ್ಡಿನ ಪಾಲಿನಿಂದ. ಇಪ್ಪತ್ತು ಸಾವಿರದ ಕಾರ್ಡು ಹೋಗಿ ಹತ್ತು ಸಾವಿರದ 4 ಜಿಬಿ ಕಾರ್ಡು ಬಂದರೆ ಇವತ್ತು ರೆಡ್ ಡೆಡ್ ಆಡುವುದೆಲ್ಲಿಂದ ಬಂತು? ತೊಂಬತ್ತು ಸಾವಿರ ಕೈಯಲ್ಲಿದ್ದವರಿಗೆ ಎಎಂ5 ಬಿಟ್ಟು ಬೇರೆ ಹೇಳುತ್ತಿರಲಿಲ್ಲ.

ಶನಿವಾರ ಬೆಂಗಳೂರಿಗೆ ಬಂದು ಚಿಕ್ಕಪೇಟೆ ಮೆಟ್ರೋ ಇಳಿದು ಎಸ್‌ಪಿ ರೋಡಿಗೆ ನಡೆದೆವು. ಸಾದರ ಪತ್ರಪ್ಪ ರಸ್ತೆ ಅಂತ ಪೂರ್ತಿ ಹೆಸರು ಹೇಳುವವರು ಈಗ ಕಡಿಮೆ. ಕೈಗಾಡಿ, ಆಟೋ, ತಲೆಮೇಲೆ ಪ್ರಿಂಟರ್ ಡಬ್ಬ ಹೊತ್ತವರು, ಅವರ ನಡುವೆ ಕೈಯಲ್ಲಿ ಚೀಟಿ ಹಿಡಿದ ಕಾಲೇಜು ಹುಡುಗರು. ಒಂದೊಂದು ಅಂಗಡಿಯಲ್ಲೂ ಅದೇ ಚೀಟಿ ಕೊಟ್ಟು ಕೊಟೇಶನ್ ಬರೆಸಿದೆವು. ಒಟ್ಟು ಮೊತ್ತ ಕೇಳಬಾರದು, ಸಾಲು ಸಾಲಾಗಿ ಮಾಡೆಲ್ ನಂಬರ್ ಸಮೇತ ಬರೆಸಿಕೊಳ್ಳಬೇಕು ಅನ್ನುವುದು ನನ್ನ ಅಭ್ಯಾಸ. ಒಂದು ಕಡೆ ಒಟ್ಟು ಬೆಲೆ ನಾಲ್ಕು ಸಾವಿರ ಕಡಿಮೆ ಬಂತು. ಓದಿ ನೋಡಿದರೆ 5600ರ ಜಾಗದಲ್ಲಿ 5500, ಪಿಸಿಗೆಲ್ಲ ಕರೆಂಟು ಹಂಚುವ ಎಸ್‌ಎಂಪಿಎಸ್ ಎದುರು ಬರೀ "450 ವ್ಯಾಟ್" ಅಂತ ಇತ್ತು, ಹೆಸರೇ ಇಲ್ಲ. "ಎರಡೂ ಒಂದೇ ಸರ್, ನೂರು ನಂಬರ್ ಅಷ್ಟೇ" ಅಂದರು ಅಂಗಡಿಯವರು. ಅವರ ಮೇಲೆ ಸಿಟ್ಟು ಮಾಡುವ ಬದಲು ಆ ಎಸ್‌ಎಂಪಿಎಸ್ ತೋರಿಸಿ ಅಂತ ಕೇಳಿದೆ, ಹುಡುಗನಿಗೆ ಪಾಠವಾಗಲಿ ಅಂತ.

ತಂದು ಕೌಂಟರ್ ಮೇಲಿಟ್ಟರು. ಕೈಗೆತ್ತಿಕೊಂಡಾಗಲೇ ಹಗುರ. ಮುಂದೆ ದೊಡ್ಡ ಅಕ್ಷರದಲ್ಲಿ 450, ಪಕ್ಕದ ಸ್ಟಿಕ್ಕರಿನಲ್ಲಿ ಚಿಕ್ಕ ಅಕ್ಷರದ ಪಟ್ಟಿ. ಅದರಲ್ಲಿ +12 ವೋಲ್ಟ್ ಅನ್ನುವ ಕಲಮಿನ ಕೆಳಗೆ 18 ಆಂಪಿಯರ್ ಅಂತ ಇತ್ತು. ಹುಡುಗನ ಕೈಗೆ ಮೊಬೈಲ್ ಕೊಟ್ಟು ಗುಣಿಸು ಅಂದೆ. ಹನ್ನೆರಡು ಹದಿನೆಂಟಲೆ 216 ವ್ಯಾಟ್. ಪ್ರೊಸೆಸರ್‌ಗೂ ಗ್ರಾಫಿಕ್ಸ್ ಕಾರ್ಡಿಗೂ ಕರೆಂಟು ಹೋಗುವುದು ಆ ಹನ್ನೆರಡು ವೋಲ್ಟಿನ ಸಾಲಿನಿಂದಲೇ. 6600 ಒಂದೇ 132 ವ್ಯಾಟ್ ಎಳೆಯುತ್ತದೆ. 65 ವ್ಯಾಟ್ ಅಂತ ಬರೆದಿರುವ 5600 ಪೂರ್ತಿ ದುಡಿಯುವಾಗ 76ರವರೆಗೆ ಹೋಗುತ್ತದೆ. ಅಲ್ಲಿಗೇ 208 ಆಯಿತು. ಫ್ಯಾನು, ಡಿಸ್ಕು, ಬೋರ್ಡು ಇನ್ನೂ ಸೇರಿಲ್ಲ. ನಾವು ತೆಗೆದುಕೊಂಡದ್ದು 80 ಪ್ಲಸ್ ಬ್ರಾಂಜ್ ಅನ್ನುವ ದಕ್ಷತೆಯ ಗುರುತಿನ, ಹೆಸರಿರುವ ಕಂಪನಿಯ 550 ವ್ಯಾಟಿನದು, ನಾಲ್ಕು ಸಾವಿರದ ಸುತ್ತ. ಅದರ ಸ್ಟಿಕ್ಕರಿನಲ್ಲಿ ಹನ್ನೆರಡು ವೋಲ್ಟಿನ ಸಾಲಿಗೇ 500 ವ್ಯಾಟಿಗಿಂತ ಹೆಚ್ಚು ಬರೆದಿತ್ತು. ಬಜೆಟ್ ಪಿಸಿಯಲ್ಲಿ ಎಲ್ಲಿ ಬೇಕಾದರೂ ಕೈ ಬಿಗಿ ಹಿಡಿಯಿರಿ, ಎಸ್‌ಎಂಪಿಎಸ್‌ನಲ್ಲಿ ಮಾತ್ರ ಬೇಡ. ಇದನ್ನು ಕೇಳಿದವರಿಗೆಲ್ಲ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ. ಅದು ಸುಟ್ಟರೆ ಒಂದೇ ಸುಡುವುದಿಲ್ಲ, ಕಾರ್ಡನ್ನೂ ಬೋರ್ಡನ್ನೂ ಜೊತೆಗೆ ಕರೆದುಕೊಂಡು ಹೋಗಬಹುದು.

ಉಳಿದವು ಬೇಗ ಮುಗಿದವು. ರ‍್ಯಾಮ್ 16 ಜಿಬಿ, ಡಿಡಿಆರ್4 3200. ಒಂದೇ 16ರ ಕಡ್ಡಿ ಬೇಡ, 8ರ ಎರಡು ಕೊಡಿ ಅಂತ ಕೇಳಿ ಪಡೆದೆವು. ಎರಡಿದ್ದರೆ ಪ್ರೊಸೆಸರ್‌ಗೆ ಎರಡು ದಾರಿ, ಆಟದಲ್ಲಿ ಅದು ಗೊತ್ತಾಗುತ್ತದೆ. ಎಸ್‌ಎಸ್‌ಡಿ 500 ಜಿಬಿ ಸಾಕು ಅಂತ ಹುಡುಗ ಅಂದುಕೊಂಡಿದ್ದ. ರೆಡ್ ಡೆಡ್ ಒಂದೇ 150 ಜಿಬಿ ಕೇಳುತ್ತದೆ, ಫೋರ್ಜಾ, ಜಿಟಿಎ ಎರಡೂ ನೂರು ನೂರರ ಮೇಲೆ. 1 ಟಿಬಿಯ, ನೇರ ಬೋರ್ಡಿಗೇ ಕೂರುವ ಎನ್‌ವಿಎಂಇ ತೆಗೆದುಕೊಂಡೆವು. ಅದರಲ್ಲಿ ಪಿಸಿಐಇ 4.0ರ ಜೆನ್4 ಬೇಕೆಂದೇನೂ ಹಟ ಮಾಡಲಿಲ್ಲ, ಆಟ ಲೋಡ್ ಆಗುವುದರಲ್ಲಿ ಜೆನ್3ಗೂ ಅದಕ್ಕೂ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ. ಕ್ಯಾಬಿನೆಟ್ ಮಾತ್ರ ಮುಂದೆ ಜಾಲರಿ ಇರುವುದೇ ಆಗಬೇಕು ಅಂತ ಪಟ್ಟು ಹಿಡಿದೆ. ಮುಂದೆ ಪೂರ್ತಿ ಗಾಜು, ಒಳಗೆ ಬಣ್ಣದ ದೀಪ ಇರುವವು ಅಂಗಡಿಯಲ್ಲಿ ಚೆಂದ ಕಾಣುತ್ತವೆ. ದಾವಣಗೆರೆಯ ಏಪ್ರಿಲ್ ಬಿಸಿಲಿನಲ್ಲಿ ಗಾಳಿ ಒಳಗೆ ಹೋಗಲು ದಾರಿ ಬೇಕಲ್ಲ.

ಮಾನಿಟರ್ ಸೇರಿ ಅರವತ್ತೇಳು ಸಾವಿರದ ಹತ್ತಿರ ಬಂತು, 18% ಜಿಎಸ್‌ಟಿ ಸೇರಿಸಿಯೇ. ಬಿಲ್ ಇಲ್ಲದೆ ಕೊಟ್ಟರೆ ಇಷ್ಟು ಕಡಿಮೆ ಅನ್ನುವ ಮಾತು ಬಂದಲ್ಲೆಲ್ಲ ಮುಂದಿನ ಅಂಗಡಿಗೆ ಹೋದೆವು. ಪ್ರತಿ ವಸ್ತುವಿನ ಸೀರಿಯಲ್ ನಂಬರ್ ಬಿಲ್ಲಿನಲ್ಲಿ ಇರಬೇಕು. ಮೂರು ವರ್ಷದ ವಾರಂಟಿ ಅಂದರೆ ನಮ್ಮ ಕೈಯಲ್ಲಿರುವುದು ಆ ಕಾಗದವೇ.

ಅಂಗಡಿಯಲ್ಲೇ ಜೋಡಿಸಿಕೊಡುತ್ತೇವೆ ಅಂದರು. ಬೇಡ ಅಂದು ಡಬ್ಬಗಳನ್ನೇ ಹೊತ್ತು ದಾವಣಗೆರೆ ರೈಲು ಹತ್ತಿದೆವು. ಜೋಡಿಸುವುದನ್ನು ಹುಡುಗ ಕಲಿಯಬೇಕಿತ್ತು. ಮಾರನೇ ದಿನ ಅಕ್ಕನ ಊಟದ ಟೇಬಲ್ ಮೇಲೆ ಬೋರ್ಡಿನ ಡಬ್ಬ ಹಾಸಿ, ಅದರ ಮೇಲೆ ಬೋರ್ಡಿಟ್ಟು ಶುರು. ಎಎಂ4 ಪ್ರೊಸೆಸರ್‌ನ ಪಿನ್‌ಗಳು ಬೋರ್ಡಿನಲ್ಲಿರುವುದಿಲ್ಲ, ಪ್ರೊಸೆಸರ್‌ನ ಹೊಟ್ಟೆಯಲ್ಲೇ ಇರುತ್ತವೆ, ಸಾವಿರದ ಮುನ್ನೂರಕ್ಕೂ ಹೆಚ್ಚು, ಒಂದೊಂದೂ ತೀರಾ ತೆಳು. ಅಂಚು ಹಿಡಿದು ಎತ್ತು, ಹೊಟ್ಟೆ ಮುಟ್ಟಬೇಡ ಅಂದೆ. ಒಂದು ಮೂಲೆಯಲ್ಲಿ ಚಿಕ್ಕ ಚಿನ್ನದ ಬಣ್ಣದ ತ್ರಿಕೋನ, ಸಾಕೆಟ್ಟಿನ ಮೂಲೆಯಲ್ಲೂ ಅದೇ ಗುರುತು. ಎರಡನ್ನೂ ಹೊಂದಿಸಿ, ಲೋಹದ ಕಡ್ಡಿಯನ್ನು ಮೇಲಕ್ಕೆತ್ತಿ, ಮೇಲಿಂದ ಬಿಟ್ಟರೆ ಅದರ ಭಾರಕ್ಕೇ ಅದು ಒಳಗೆ ಇಳಿಯುತ್ತದೆ. ಒತ್ತಬೇಕು ಅನ್ನಿಸಿದರೆ ಎಲ್ಲೋ ಸರಿಯಾಗಿಲ್ಲ ಅಂತ ಅರ್ಥ. ಇಳಿಯಿತು. ಕಡ್ಡಿ ಕೆಳಗೆ ಒತ್ತಿ ಕೊಂಡಿಗೆ ಸಿಕ್ಕಿಸಿದ ಮೇಲೆ ಹುಡುಗ ಉಸಿರು ಬಿಟ್ಟ.

ಜೊತೆಗೆ ಬಂದ ಕೂಲರ್ ಸ್ಕ್ರೂ ಹಾಕಿ ಕೂರಿಸುವಂಥದ್ದು. ಅದಕ್ಕಾಗಿ ಬೋರ್ಡಿನ ಮೇಲಿನ ಪ್ಲಾಸ್ಟಿಕ್ ಪಟ್ಟಿಗಳನ್ನು ಮೊದಲು ಬಿಚ್ಚಬೇಕು. ಬಿಚ್ಚಿದ ಕೂಡಲೇ ಹಿಂದಿನ ಲೋಹದ ತಟ್ಟೆ ಸಡಿಲವಾಗಿ ಬಿದ್ದುಹೋಗುತ್ತದೆ, ಅದನ್ನು ಒಬ್ಬರು ಕೆಳಗಿನಿಂದ ಹಿಡಿದಿರಬೇಕು. ಆ ಕೆಲಸ ನನ್ನದಾಯಿತು. ನಾಲ್ಕು ಸ್ಕ್ರೂಗಳನ್ನು ಎದುರುಬದುರು ಮೂಲೆಯಂತೆ, ಒಂದೊಂದನ್ನೂ ಸ್ವಲ್ಪ ಸ್ವಲ್ಪವೇ ಬಿಗಿಮಾಡುತ್ತಾ ಬರಬೇಕು. ಥರ್ಮಲ್ ಪೇಸ್ಟ್ ಕೂಲರ್‌ನ ತಳಕ್ಕೇ ಹಚ್ಚಿ ಬಂದಿರುತ್ತದೆ. ಮುಂದೆಂದಾದರೂ ಕೂಲರ್ ತೆಗೆಯುವಾಗ ನೇರ ಮೇಲಕ್ಕೆ ಎಳೆಯಬಾರದು. ಪೇಸ್ಟ್ ಅಂಟಿಕೊಂಡು ಪ್ರೊಸೆಸರೇ ಸಾಕೆಟ್ಟಿನಿಂದ ಕಿತ್ತು ಬರುತ್ತದೆ, ಪಿನ್ ಬಾಗುತ್ತವೆ. ಸ್ವಲ್ಪ ಹೊತ್ತು ಪಿಸಿ ಓಡಿಸಿ ಬಿಸಿ ಮಾಡಿ, ಆಫ್ ಮಾಡಿ ಪ್ಲಗ್ ಕಿತ್ತು, ಅತ್ತಿತ್ತ ತಿರುಚಿ ಬಿಡಿಸಬೇಕು. ರ‍್ಯಾಮ್ ಕಡ್ಡಿಗಳು ಪ್ರೊಸೆಸರ್‌ನಿಂದ ಎಣಿಸಿ ಎರಡನೇ, ನಾಲ್ಕನೇ ಸ್ಲಾಟಿಗೆ. ಪರದೆಯ ಕೇಬಲ್ ಬೋರ್ಡಿನ ಹಿಂದಿನ ಕಿಂಡಿಗೆ ಅಲ್ಲ, ಕಾರ್ಡಿಗೆ. 5600ರಲ್ಲಿ ಗ್ರಾಫಿಕ್ಸ್ ಇಲ್ಲದ ಕಾರಣ ಬೋರ್ಡಿಗೆ ಚುಚ್ಚಿದರೆ ಪರದೆ ಕಪ್ಪಾಗಿಯೇ ಇರುತ್ತದೆ.

ಪಿಸಿ ಎದ್ದ ಮೇಲೆ ಮುಕ್ಕಾಲು ಜನ ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಕೊಟ್ಟ ದುಡ್ಡಿನ ಒಂದು ಪಾಲು ಇನ್ನೂ ಬೋರ್ಡಿನ ಮೂಲ ಸೆಟ್ಟಿಂಗುಗಳಿರುವ ಬಯಾಸ್‌ನೊಳಗೆ ಬೀಗ ಹಾಕಿಕೊಂಡು ಕೂತಿರುತ್ತದೆ. 3200ರ ರ‍್ಯಾಮ್ ತಾನಾಗಿ ಆ ವೇಗಕ್ಕೆ ಏರುವುದಿಲ್ಲ, ಎಕ್ಸ್‌ಎಂಪಿ ಆನ್ ಮಾಡಬೇಕು. ಸಿಎಸ್‌ಎಂ ಅನ್ನುವ ಹಳೆಯ ಬೂಟ್ ವಿಧಾನ ಆಫ್ ಮಾಡಿ, ಕಾರ್ಡಿನ ಪೂರ್ತಿ ಮೆಮೊರಿಯನ್ನು ಪ್ರೊಸೆಸರ್ ಒಟ್ಟಿಗೆ ಮುಟ್ಟುವಂತೆ ಮಾಡುವ ರೀಸೈಜಬಲ್ ಬಾರ್ ಆನ್ ಮಾಡಿದರೆ ಕೆಲವು ಆಟಗಳಲ್ಲಿ ಪುಕ್ಕಟೆಯಾಗಿ ಒಂದಷ್ಟು ಫ್ರೇಮ್ ಸಿಗುತ್ತವೆ. ವಿಂಡೋಸ್ 11ರ ಮೇಲೆ ವ್ಯಾಲರೆಂಟ್ ಆಡಬೇಕಾದರೆ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಅನ್ನುವ ಭದ್ರತಾ ವ್ಯವಸ್ಥೆ ಎರಡೂ ಆನ್ ಇರಲೇಬೇಕು, ಇಲ್ಲದಿದ್ದರೆ ಆಟದಲ್ಲಿ ಮೋಸ ತಡೆಯುವ ಅದರ ವ್ಯಾನ್‌ಗಾರ್ಡ್ ಒಳಗೇ ಬಿಡುವುದಿಲ್ಲ. ವಿಂಡೋಸ್ ಹಾಕುವ ಮೊದಲೇ ಇದನ್ನು ಮಾಡಿದರೆ ಆಮೇಲೆ ಡಿಸ್ಕಿನ ರಚನೆ ಬದಲಿಸುವ ರಗಳೆ ತಪ್ಪುತ್ತದೆ. ರೈಜನ್‌ನ ಒಳಗಿನ ಟಿಪಿಎಂನಿಂದ ಆಗೀಗ ಪಿಸಿ ತಡವರಿಸುವ ದೋಷ ಮೊದಲು ಇತ್ತು. 2022ರ ನಂತರದ ಬಯಾಸ್‌ಗಳಲ್ಲಿ ಅದನ್ನು ಸರಿಪಡಿಸಿದ್ದಾರೆ, ಹಾಗಾಗಿ ಹೊಸ ಬಯಾಸ್ ಹಾಕಿದೆವು. ಕೊನೆಗೆ ವಿಂಡೋಸಿನ ಡಿಸ್‌ಪ್ಲೇ ಸೆಟ್ಟಿಂಗಿಗೆ ಹೋಗಿ 60ರಲ್ಲೇ ಕೂತಿದ್ದ ಪರದೆಯನ್ನು 144ಕ್ಕೆ ಏರಿಸಿದೆವು.

ಸಂಜೆ ವ್ಯಾಲರೆಂಟ್‌ನಲ್ಲಿ ಹೊಗೆ ಬಾಂಬು ಸಿಡಿದರೂ ಫ್ರೇಮ್ ಎಣಿಕೆ 144ರ ಮೇಲೆಯೇ ಆರಾಮಾಗಿ ನಿಂತಿತ್ತು. ರೆಡ್ ಡೆಡ್ ಇಳಿಸಿಕೊಳ್ಳಲು ರಾತ್ರಿಯಿಡೀ ಹಿಡಿಯಿತು. ಬೆಳಿಗ್ಗೆ ಹಿಮದ ದಾರಿಯಲ್ಲಿ ಕುದುರೆ ಓಡಿಸುವಾಗ ಮೂಲೆಯ ಅಂಕಿಗಳನ್ನು ನೋಡಿದೆ. ಕಾರ್ಡು 98, 99 ಶೇಕಡಾ ದುಡಿಯುತ್ತಿದೆ, ಪ್ರೊಸೆಸರ್ ಅರ್ಧಕ್ಕಿಂತ ಕೆಳಗೆ. ಭಾರದ ಆಟದಲ್ಲಿ ಕಾರ್ಡು ತುಂಬಿ ಪ್ರೊಸೆಸರ್‌ಗೆ ಉಸಿರಾಡಲು ಜಾಗ ಇರಬೇಕು ಅನ್ನುವ ಲೆಕ್ಕ ಸರಿಯಾಗಿ ಕೂತಿತ್ತು. "ಮಾಮ, ಐ7 ಹಾಕಿದ್ರೆ ಇದು ಇನ್ನೂ ಏರ್ತಿತ್ತಾ?" ಅಂತ ಕೇಳಿದ. ಆ 99ನ್ನು ತೋರಿಸಿದೆ. ಅವನೇ ಇಲ್ಲ ಅಂತ ತಲೆಯಾಡಿಸಿದ.

ಬೇಸಿಗೆಯಲ್ಲಿ ಫೋನ್ ಮಾಡಿ ಪ್ರೊಸೆಸರ್ 80 ಡಿಗ್ರಿ ಮುಟ್ಟುತ್ತಿದೆ ಅಂದ. ಅದರ ಮಿತಿ 90, ಗಾಬರಿ ಬೇಡ, ಮೊದಲು ಜಾಲರಿಯ ಧೂಳು ಒರೆಸು, ಆಮೇಲೆ ಕಥೆಯ ಆಟಗಳಲ್ಲಿ ಫ್ರೇಮ್ ಮಿತಿ 75ಕ್ಕೆ ಹಾಕು ಅಂದೆ. ಎರಡೂ ಮಾಡಿದ ಮೇಲೆ ಎಪ್ಪತ್ತರ ಸುತ್ತ ಇಳಿಯಿತು. ಕೂಲರ್ ಬದಲಿಸಲು ಎತ್ತಿಟ್ಟಿದ್ದ ಎರಡು ಸಾವಿರ ಉಳಿಯಿತು. ಅದನ್ನು ಈಗ ಯುಪಿಎಸ್ ಕಡೆಗೆ ತಿರುಗಿಸಿದ್ದೇವೆ, ಮಳೆಗಾಲದ ಸಂಜೆಗಳಲ್ಲಿ ಕರೆಂಟು ಹೋಗಿ ಬರುವುದು ಅಲ್ಲಿ ಸಾಮಾನ್ಯ. ಆಟ ಆಡುವಾಗ ಪಿಸಿ ಮತ್ತು ಪರದೆ ಸೇರಿ ಮುನ್ನೂರು ವ್ಯಾಟಿನ ಹತ್ತಿರ ಎಳೆಯುತ್ತವೆ. 600 ವಿಎ ಅಂತ ಬರೆದಿರುವ ಸಾಮಾನ್ಯ ಯುಪಿಎಸ್ ಕೊಡುವುದು 360 ವ್ಯಾಟ್, ಅಂಚಿನಲ್ಲೇ ಇರಬೇಕಾಗುತ್ತದೆ. 1000 ವಿಎಯದು ನೋಡಿಟ್ಟಿದ್ದಾನೆ. ಮುಂದಿನ ತಿಂಗಳ ಟ್ಯೂಷನ್ ದುಡ್ಡು ಬಂದರೆ ಕೊಳ್ಳುತ್ತಾನೆ.